ಮೂರು ಸೆಕೆಂಡು ಒತ್ತಿ ಹಿಡಿಯಬೇಕು

...ನಗ್ತಾ ಇದೀಯಾ? ನಗು, ನಗು. ಸೊಂಟದ ಮೂಳೆ ಮುರಿದುಕೊಂಡು ಎಂಟು ದಿನದಿಂದ ಈ ಆಸ್ಪತ್ರೆ ಮಂಚ ಹಿಡಿದಿರೋಳು ನೀನು. ನಿನಗೇ ನಗು ಬರ್ತಿದೆ ಅಂದಮೇಲೆ ನಾನೇನು ಹೇಳಲಿ, ಅಕ್ಕ. ಆದರೆ ನಾನು ಕಟ್ಟಿ ಹೇಳ್ತಿಲ್ಲ. ನಮ್ಮ ಆಫೀಸಿನ ಎಂಜಿನಿಯರುಗಳು ಇರೋದೇ ಹಾಗೆ. ನಿನ್ನ ಕೊರಳಿಗೆ ಹಾಕಿದ್ದೆನಲ್ಲ, ಬಿದ್ದರೆ ಸಹಾಯಕ್ಕೆ ಕರೆಯೋ ಬಟನ್ನು, ಅದನ್ನ ಮೂರು ಸೆಕೆಂಡು ಬಿಡದೆ ಒತ್ತಿ ಹಿಡಿಯಬೇಕು, ಹಿಡಿದರೆ ಮಾತ್ರ ಕರೆ ಹೋಗಬೇಕು ಅಂತ ಪಟ್ಟು ಹಿಡಿದವರು ಅವರು. ಯಾಕಂತೆ ಗೊತ್ತಾ? ಮಗ್ಗುಲು ಬದಲಿಸುವಾಗ ಅಪ್ಪಿತಪ್ಪಿ ತಾಗಿದರೂ ಕರೆ ಹೋಗುತ್ತಂತೆ, ಅವರ ಕಂಪ್ಯೂಟರಿನಲ್ಲಿ ಅದು ಕೆಂಪು ಚುಕ್ಕೆಯಾಗಿ ಬೀಳುತ್ತಂತೆ. ಚುಕ್ಕೆ ಬಿದ್ದರೆ ಅವರಿಗೆ ಅಸಹ್ಯ. ಮುದುಕರು ಬಿದ್ದರೆ ಪರವಾಗಿಲ್ಲ.

ಅವರಿಗೊಬ್ಬ ಹಿರಿತಲೆ ಇದ್ದಾನೆ. ಎಲ್ಲರೂ ಪ್ರೊಫೆಸರ್ ಅಂತಾರೆ, ಜೀವಮಾನದಲ್ಲಿ ಒಂದು ತರಗತಿಗೂ ಪಾಠ ಮಾಡಿದೋನಲ್ಲ. ಬಟನ್ನು ಸರಿಯಿದೆಯಾ ಅಂತ ಅವನು ಪರೀಕ್ಷೆ ಮಾಡಿದ್ದು ತನ್ನ ಹೆಬ್ಬೆರಳಿನಲ್ಲಿ. ದಿನಾ ಬೆಳಿಗ್ಗೆ ಜಿಮ್ಮಿನಲ್ಲಿ ಕಬ್ಬಿಣ ಎತ್ತೋ ಹೆಬ್ಬೆರಳು ಅದು. ನಾನು ಕೇಳಿದೆ, ಸ್ವಾಮಿ, ಇದನ್ನ ಬಳಸೋರು ಯಾರು ಅಂತ ಒಂದು ಸಲವಾದರೂ ಯೋಚನೆ ಮಾಡಿದ್ದೀರಾ ಅಂತ. ಎಪ್ಪತ್ತು ದಾಟಿದವರು, ಕೈ ನಡುಗೋರು, ಬೆರಳಿನ ಗೆಣ್ಣು ಊದಿದವರು. ಅವನಂದ, ಅವರೂ ಕಲಿತುಕೊಳ್ತಾರೆ ಮೇಡಂ, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಸೂಚನೆ ಹಾಕೋಣ. ಹೌದಪ್ಪ, ಬಚ್ಚಲಲ್ಲಿ ಬಿದ್ದವಳು ಎದ್ದು ಹೋಗಿ, ಡಬ್ಬಿ ಹುಡುಕಿ, ಕನ್ನಡಕ ಹುಡುಕಿ, ಓದಿಕೊಂಡು ಬಂದು ಮತ್ತೆ ಅಲ್ಲೇ ಮಲಗಬೇಕು, ಅಲ್ವಾ ಅಂದೆ. ಇಡೀ ಸಭೆ ಗೊಳ್ಳಂತ ನಕ್ಕಿತು. ಅವನ ಮುಖ ಹುಳ್ಳಗಾಯ್ತು.

ಆ ಕಡೆ ಯಾಕೆ ತಿರುಗಿದೆ? ದಿಂಬು ಸರಿ ಮಾಡಲಾ? ಬೇಡವಾ. ಆಯ್ತು.

ಗೊತ್ತು, ಗೊತ್ತು, ಹುಬ್ಬು ಹಾರಿಸಬೇಡ. ಅಷ್ಟೆಲ್ಲ ಬಾಯಿ ಮಾಡಿದವಳು, ಮತ್ತೆ ಅದು ಹೇಗೆ ಹೊರಗೆ ಬಂತು ಅಂತ ತಾನೆ? ಪದ್ಧತಿ ಪ್ರಕಾರ ಬಂತು. ಪದ್ಧತಿ ಮಾಡಿದವಳು ನಾನೇ. ಕೈ ನಡುಗೋ ಒಬ್ಬರಾದರೂ ತಮ್ಮ ಮನೆಯಲ್ಲಿ, ತಮ್ಮ ಕೈಯಾರೆ ಬಳಸಿ ತೋರಿಸದೆ ಯಾವ ವಸ್ತುವೂ ಅಂಗಡಿ ಮೆಟ್ಟಿಲು ಹತ್ತೋ ಹಾಗಿಲ್ಲ. ಪ್ರೊಫೆಸರಿಗೆ ಇದು ಗಂಟಲಲ್ಲಿ ಮುಳ್ಳು. ಇರಲಿ ಬಿಡು. ನಾನು ಸಡಿಲ ಬಿಡಲಿಲ್ಲ. ನಿನ್ನ ಮನೆಗೇ ಬಂದೆ, ಪರೀಕ್ಷೆ ಆಯ್ತು, ಪಾಸಾಯ್ತು, ಬರೆದುಕೊಟ್ಟೆ. ಅಷ್ಟೇ.

ಅಷ್ಟೇ ಅಂದೆನಲ್ಲ.

ಈಗ ಈ ಕಾಗದ. ಮೂರೇ ಸಾಲು. ಬಿದ್ದ ದಿನ ಗಾಬರಿಯಲ್ಲಿ ನಾನು ಬಟನ್ನನ್ನು ಒತ್ತಲಿಲ್ಲ, ವಸ್ತುವಿನಲ್ಲಿ ದೋಷವಿರಲಿಲ್ಲ ಅಂತ. ನಾಳೆ ಬೆಳಿಗ್ಗೆ ಹತ್ತಕ್ಕೆ ಸಭೆ, ಅಷ್ಟರಲ್ಲಿ ನಿನ್ನ ಸಹಿ ಬೇಕು. ಸಹಿ ಬಿದ್ದರೆ ವಿಷಯ ಅಲ್ಲಿಗೆ ಮುಗೀತು. ಮುಂದಿನ ವಾರ ನಲವತ್ತು ವೃದ್ಧಾಶ್ರಮಗಳಿಗೆ ಬಟನ್ನು ಹೋಗುತ್ತೆ. ಬೀಳದಿದ್ದರೆ ವಿಚಾರಣೆ, ಹಳೇ ಫೈಲೆಲ್ಲ ಹೊರಗೆ, ಪರೀಕ್ಷೆ ಮಾಡಿದ್ದು ಯಾರು, ಬರೆದುಕೊಟ್ಟಿದ್ದು ಯಾರು... ಇಪ್ಪತ್ತಾರು ವರ್ಷದ ಕೆಲಸ, ಅಕ್ಕ. ಆ ಪ್ರೊಫೆಸರ್ ಮೇಜಿನಾಚೆ ಕೂತು ನನ್ನನ್ನ ಪ್ರಶ್ನೆ ಕೇಳೋದು. ನೀನೇ ಊಹಿಸಿಕೋ.

ಗಾಬರಿಯಲ್ಲಿ ಯಾರಿಗೆ ಏನು ನೆನಪಿರುತ್ತೆ ಹೇಳು. ಏಳಕ್ಕೆ ಬಿದ್ದವಳು ನೀನು, ಪಕ್ಕದ ಮನೆಯವರು ಬಂದಿದ್ದು ಹನ್ನೊಂದಕ್ಕೆ. ನಾಲ್ಕು ಗಂಟೆ ತಣ್ಣನೆ ನೆಲ. ಒತ್ತಿದೆಯೋ ಬಿಟ್ಟೆಯೋ, ನಿನಗಾದರೂ ಖಾತ್ರಿ ಇದೆಯಾ?

ಪೆನ್ನು ಕೇಳ್ತಿದೀಯಾ? ನೋಡು, ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಗಡಿಯಾರ ಒಡೆದಿದ್ದು ನಾನು, ಏಟು ತಿಂದಿದ್ದು ನೀನು. ನನ್ನಕ್ಕ ಯಾವತ್ತೂ ನನ್ನ ಕೈ ಬಿಟ್ಟವಳಲ್ಲ. ಇಲ್ಲಿ, ಈ ಗೆರೆ ಮೇಲೆ. ನಿಧಾನ. ಅವಸರವಿಲ್ಲ. ಊರವರೆಲ್ಲರ ರವಿಕೆ ಹೊಲಿದ ಬೆರಳು ಇವು, ಒಂದು ಸಹಿಗೆ ಇಷ್ಟು ಒದ್ದಾಟ... ತುಂಬಾ ನಡುಗ್ತಿದೆ. ತಾಳು, ನಾನು ಹಿಡ್ಕೊಳ್ತೀನಿ. ನಿನ್ನ ಬೆರಳ ಮೇಲೆ ನನ್ನ ಬೆರಳು ಇಟ್ಟು...

ಯಾಕೆ?

ಯಾಕೆ ನನ್ನ ಕೈಯನ್ನ ಹಾಗೆ ನೋಡ್ತಿದೀಯ, ಅಕ್ಕ?

 

ಹೌದು. ಅವತ್ತೂ ಹೀಗೇ ಹಿಡಿದಿದ್ದೆ. ನಿನ್ನ ಅಡುಗೆಮನೆ ಮೇಜಿನ ಮುಂದೆ ಕೂತು ಏಳು ಸಲ ಒತ್ತಿದೆ ನೀನು, ಏಳು ಸಲವೂ ಒಂದು ಸೆಕೆಂಡಿಗೆ ಬೆರಳು ಜಾರಿತು. ಎಂಟನೇ ಸಲ ನಾನೇ ಒತ್ತಿ ಹಿಡಿದೆ. ಪಾಸು ಅಂತ ಬರೆದೆ. ಹನ್ನೊಂದು ತಿಂಗಳು ಜಗಳವಾಡಿ ಸಾಕಾಗಿತ್ತು ನನಗೆ. ಹೇಳಿದ ದಿನಕ್ಕೆ ಮುಗಿಸಲಾರದ ಹೆಂಗಸು ಅಂತ ಅವನ ಬಾಯಲ್ಲಿ ಅನ್ನಿಸಿಕೊಳ್ಳೋದು ಬೇಡವಾಗಿತ್ತು. ನೀನು ಕೇಳಿದೆ, ನಾನೊಬ್ಬಳೇ ಇದ್ದಾಗ ಹೇಗೇ ಅಂತ. ನೋಡೋಣ ಬಿಡು ಅಂದೆ. ಕೊರಳಿಗೂ ನಾನೇ ಹಾಕಿದೆ.

ಬೇಡ, ಪೆನ್ನು ಎತ್ತಬೇಡ. ಬರೀಬೇಡ ಅಂದೆ. ಕೊಡು ಆ ಕಾಗದ. ಅಕ್ಕ, ನನ್ನ ಮಾತು ಕೇಳು... ಬಟನ್ನು ಒಳಗೊಳಗೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೆ. ಕರೆ ಹೋಗದಿದ್ದರೂ ಬರೆದಿಟ್ಟುಕೊಳ್ಳುತ್ತೆ. ನಾನು ಮೊನ್ನೆಯೇ ತೆಗೆದು ನೋಡಿದೆ. ನೋಡಿದ ಮೇಲೇ ಈ ಮೂರು ಸಾಲು ಟೈಪ್ ಮಾಡಿದೆ.

ನಲವತ್ತೊಂದು ಸಲ ಒತ್ತಿದ್ದೀಯ. ಕೊನೇದು ಹನ್ನೊಂದಕ್ಕೆ ಐದು ನಿಮಿಷ ಇರುವಾಗ.