ಇನ್ನಿಬ್ಬರು ಹೇಳಬೇಕು

ಕ್ಷೌರಿಕನ ಕೈ ಗಿರಾಕಿಯ ಗಡ್ಡದ ಮೇಲಿದ್ದರೂ ಕಿವಿಯೆಲ್ಲ ಬೆಂಚಿನಲ್ಲಿ ಸರದಿಗೆ ಕೂತಿದ್ದ ಒಂದೇ ಆಫೀಸಿನ ಇಬ್ಬರು ಗುಮಾಸ್ತರ ಮೇಲಿತ್ತು.

"ಮಗಳ ಹೊಸ ಟೀಚರ್ ಪಾಠಾನೇ ಮಾಡಲ್ಲ ಕಣೋ. ಕಂಪ್ಯೂಟರ್ ಕೊಟ್ಟು ನೀವೇ ಹುಡುಕಿ ಅಂತಾರೆ."

"ಮತ್ತೆ ಸಂಬಳ ಯಾತಕ್ಕೆ?"

"ನೆಟ್‌ನಲ್ಲಿ ಒಬ್ಬರು ಹೇಳಿದ್ದನ್ನ ನಂಬಬೇಡಿ, ಇನ್ನಿಬ್ಬರು ಹೇಳಬೇಕು ಅನ್ನೋದೇ ಅವರ ಪಾಠ. ನಿನ್ನೆ ಮಗಳು ನನ್ನನ್ನೇ ಹಿಡ್ಕೊಂಡ್ಲು."

"ಏನಂತ?"

"ಆಫೀಸಲ್ಲಿ ಲೇಟಾಯ್ತು ಅಂದೆ. 'ಇದು ನೀನೊಬ್ಬನೇ ಹೇಳಿದ್ದು ಅಪ್ಪಾ' ಅಂದ್ಲು."

ಗೆಳೆಯ ಗಂಟಲು ಸರಿಮಾಡಿಕೊಂಡ.

"ಅದಕ್ಕೇನಾ ಬೆಳಿಗ್ಗೆ ಅವಳು ನಂಗೆ ಫೋನ್ ಮಾಡಿದ್ದು?"

"ನಿಂಗಾ! ಏನಂದೆ?"

"ನಿಮ್ಮಪ್ಪ ಐದಕ್ಕೇ ಹೊರಟ್ರಲ್ಲಮ್ಮ ಅಂದ್ಬಿಟ್ಟೆ."

"ಅಯ್ಯೋ ಮಾರಾಯ! ಇನ್ನೊಬ್ಬರು ಯಾರಂತೆ?"

"ನಮ್ಮ ಸಾಹೇಬ್ರಂತೆ. ಅವರನ್ನ ಕೇಳೋಕೆ ಅಮ್ಮನೇ ಆಫೀಸಿಗೆ ಹೋಗಿದ್ದಾಳೆ ಅಂದ್ಲು."

ಕ್ಷೌರಿಕ ಕುರ್ಚಿ ಒರೆಸಿ "ಬನ್ನಿ" ಅನ್ನುವಷ್ಟರಲ್ಲಿ ಅಪ್ಪ ಅರ್ಧ ಬೀದಿ ದಾಟಿದ್ದ.