ನೇರ ತೋಳಿನ ಕುರ್ಚಿ

ಮಾನ್ಯ ಅಧ್ಯಕ್ಷರಾದ ನೊಜಾವಾ ಅವರೇ, ಪುರಸಭೆಯಿಂದ ದಯಮಾಡಿಸಿರುವ ಅತಿಥಿಗಳೇ, ಮೊರಿಯೊಕಾ ರೆಕಾರ್ಡು ಕೂಟದ ಸದಸ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ರೆಕಾರ್ಡ್ ಪ್ಲೇಯರಿನ ತಿರುಗು ತೋಳಿನ ಪರವಾಗಿ ವಾದಿಸಿದ್ದಕ್ಕೆ ಈ ಸನ್ಮಾನ ಎಂದು ಅಧ್ಯಕ್ಷರು ಹೇಳಿದರು. ವಾದವೆಂದರೆ ಒಬ್ಬರೇ ಮಾಡುವ ಕೆಲಸವೇ? ಈ ವೇದಿಕೆಯ ಮೇಲೆ ಎರಡು ಕುರ್ಚಿಗಳಿವೆ. ಎಡಗಡೆಯದು ನನ್ನದು. ಬಲಗಡೆಯದು ಕುರಮೋಚಿ ಅವರದು. ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ಅದು ಖಾಲಿಯಾಗಿಯೇ ಇದೆ.

ಅತಿಥಿಗಳಿಗೆ ನಮ್ಮ ಜಗಳ ಗೊತ್ತಿರಲಾರದು, ಹೇಳುತ್ತೇನೆ. ರೆಕಾರ್ಡಿನ ಮೇಲೆ ಹಾಡಿನ ಗೆರೆ ಕೊರೆಯುವ ಯಂತ್ರ ಅಂಚಿನಿಂದ ನಡುವಿಗೆ ನೆಟ್ಟಗೆ ಸಾಗುತ್ತದೆ. ನಾವು ಕೇಳುವಾಗ ಸೂಜಿ ಹೊತ್ತ ತೋಳು ಮಾತ್ರ ಒಂದು ಮೂಲೆಯಲ್ಲಿ ನಿಂತು, ಬಾಗಿಲು ತಿರುಗಿದ ಹಾಗೆ ತಿರುಗಿಕೊಂಡು ಬರುತ್ತದೆ. ಹಾಗಾಗಿ ಇಡೀ ರೆಕಾರ್ಡಿನಲ್ಲಿ ಎರಡೇ ಎರಡು ಕಡೆ ಸೂಜಿ ಗೆರೆಗೆ ಸರಿಯಾಗಿ ಕೂರುತ್ತದೆ. ರೆಕಾರ್ಡ್ ಪ್ಲೇಯರ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಆ ಎರಡು ಜಾಗಗಳನ್ನು ಹೊಂದಿಸುತ್ತಿದ್ದವಳು ನಾನು. ಕುರಮೋಚಿ ಅವರು ಮೇಲಿನ ಮಹಡಿಯಲ್ಲಿ ನೇರ ತೋಳಿನ ನಕ್ಷೆ ಬರೆಯುತ್ತಿದ್ದರು. ಅದು ಪುಟ್ಟ ಮೋಟಾರಿನ ಬಲದಿಂದ ಕಂಬಿಯ ಮೇಲೆ, ಕೊರೆದ ದಾರಿಯಲ್ಲೇ ಸಾಗುತ್ತದೆ.

ಪ್ರತಿ ಗುರುವಾರ ಮಧ್ಯಾಹ್ನ ಒಂದೇ ರೆಕಾರ್ಡನ್ನು ಎರಡೂ ತೋಳುಗಳಲ್ಲಿ ಕೇಳಿಸಿ, ಆಮೇಲೆ ನಾವಿಬ್ಬರೂ ಕಚ್ಚಾಡುವುದು ಕೂಟದ ಪದ್ಧತಿಯಾಗಿತ್ತು. "ಸಸಾಮೊರಿ-ಸಾನ್, ನಿಮ್ಮ ತೋಳು ಇಡೀ ರೆಕಾರ್ಡಲ್ಲಿ ಎರಡೇ ಸಲ ನಿಜ ಹೇಳೋದು" ಎನ್ನುತ್ತಿದ್ದರು ಅವರು. ನಾನು ಬಿಡುತ್ತಿದ್ದೆನೇ? "ಎರಡು ಸಲನಾದ್ರೂ ಹೇಳತ್ತಲ್ಲ! ನಿಮ್ಮದು ಹೆಜ್ಜೆಹೆಜ್ಜೆಗೂ ತಪ್ಪು ಮಾಡಿ ಮೋಟಾರ್ ಹತ್ರ ತಿದ್ದಿಸ್ಕೊಳ್ಳತ್ತೆ."

ಒಂದು ಆಗಸ್ಟ್‌ನಲ್ಲಿ ಹಾಡಿನ ನಡುವೆಯೇ ಅವರ ತೋಳು ಕಂಬಿಯ ಮೇಲೆ ಕಚ್ಚಿಕೊಂಡಿತು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಎದ್ದುಹೋಗಿ ಕಂಬಿ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟೆ. "ನಿಮ್ಮ ಚೀಲದಲ್ಲಿ ಎಣ್ಣೆ ಯಾಕ್ರೀ? ನಿಮ್ಮ ತೋಳಿಗೆ ಇದು ಬೇಕಾಗೇ ಇಲ್ವಲ್ಲ" ಎಂದು ಕೇಳಿದರು. ಹೊಲಿಗೆ ಯಂತ್ರಕ್ಕೆ ಎಂದೆ. ನನ್ನ ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಫೆಬ್ರವರಿಯಲ್ಲಿ ಅವರನ್ನು ನೋಡಲು ಆಸ್ಪತ್ರೆಗೆ ಎಳ್ಳಿನ ಸೆಂಬೆ ಬಿಸ್ಕತ್ತು ತೆಗೆದುಕೊಂಡು ಹೋಗಿದ್ದೆ. ಅವರು ತಿನ್ನಲಿಲ್ಲ. "ಗುರುವಾರ ನನ್ನ ಕಡೆಯಿಂದ ಯಾರು ಮಾತಾಡ್ತಾರೆ, ಇಕುಕೊ-ಸಾನ್?" ಎಂದರು. ಮೂವತ್ತೊಂದು ವರ್ಷ ಮನೆತನದ ಹೆಸರಿನಿಂದಲೇ ಕರೆದವರು, ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನಗೆ ಗಾಬರಿಯಾಯಿತು. ರೂಢಿ ನೋಡಿ, ಬಾಯಿ ತಾನಾಗಿ ಆಡಿಬಿಟ್ಟಿತು: "ಯಾರೂ ಇಲ್ಲ. ನಾನೇ ಗೆದ್ದೆ, ಒಪ್ಕೊಳ್ಳಿ." ಅವರು ನಕ್ಕರು, ಕೆಮ್ಮಿದರು, ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಹೋಗಿಬಿಟ್ಟರು. ಬೇರೆ ಮಾತು ಹೇಳಬಹುದಿತ್ತು. ಹೇಳಲು ಮೂವತ್ತೊಂದು ವರ್ಷ ಸಮಯವೂ ಇತ್ತು.

ಈಗಲೂ ಪ್ರತಿ ಗುರುವಾರ ಎರಡೂ ತೋಳುಗಳನ್ನು ನಾನೇ ಇಳಿಸುತ್ತೇನೆ. ಹೇಗಿತ್ತು ಎಂದು ಕೇಳಿದರೆ ನೀವೆಲ್ಲ ತಲೆಬಾಗಿ "ಎರಡೂ ಚೆನ್ನಾಗಿದೆ" ಎನ್ನುತ್ತೀರಿ. ಎರಡೂ ಚೆನ್ನಾಗಿದೆಯಂತೆ! ಕಿವಿಯಿರುವವರು ಆಡುವ ಮಾತೇ ಅದು? ಮೊದಲಾದರೆ ಮುಂದಿನ ವಾರ ಅವರಿಗೆ ಏನು ಉತ್ತರ ಕೊಡಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಈಗ ಕಿಟಕಿಯಾಚೆ ನೋಡುತ್ತಾ ಮನೆಗೆ ಹೋಗುತ್ತೇನೆ. ಮನೆಯಲ್ಲೂ ಯಾರೂ ಇಲ್ಲ.

ಆದ್ದರಿಂದ ಅಧ್ಯಕ್ಷರು ಕ್ಷಮಿಸಬೇಕು. ತಿರುಗು ತೋಳಿನ ವಕೀಲೆಗೆ ಕೊಟ್ಟ ಈ ಪ್ರಶಸ್ತಿ ಪತ್ರವನ್ನು ಎಡಗಡೆಯ ಕುರ್ಚಿಯ ಮೇಲೆ ಇಟ್ಟುಬಿಡುತ್ತೇನೆ. ಮುಂದಿನ ಗುರುವಾರದಿಂದ ನಾನು ಬಲಗಡೆ ಕೂರುತ್ತೇನೆ, ನೇರ ತೋಳಿನ ಪರವಾಗಿ. ಅವರ ವಾದಗಳೆಲ್ಲ ನನಗೆ ಬಾಯಿಪಾಠ. ಒಂದನ್ನೂ ಮರೆತಿಲ್ಲ.

ಎಡಗಡೆಯ ಕುರ್ಚಿ ಖಾಲಿಯಾಯಿತು. ನಿಮ್ಮಲ್ಲಿ ಯಾರಾದರೂ ಬಂದು ಕೂತು, ದಯವಿಟ್ಟು ನನ್ನ ಜೊತೆ ಜಗಳವಾಡಿ. ಸೆಂಬೆ ನಾನೇ ತರುತ್ತೇನೆ. ಒಬ್ಬಳೇ ಗೆದ್ದು ಗೆದ್ದು ಸಾಕಾಗಿದೆ.

ಇಷ್ಟು ಹೊತ್ತು ಎಚ್ಚರವಾಗಿದ್ದವರಿಗೆಲ್ಲ ನಾನು ಋಣಿ. ನಮಸ್ಕಾರ.