ಮುಟ್ಟದೆ ಇಟ್ಟ ಓವರ್‌ಡ್ರಾಫ್ಟು

ಬ್ಯಾಂಕಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಣ್ಣತಮ್ಮಂದಿರಿಬ್ಬರು ಕೂತಿದ್ದರು. ಪುಸ್ತಕಕ್ಕೆ ರಟ್ಟು ಹಾಕುವ ಕೆಲಸದವರು. ಇಬ್ಬರ ಉಗುರಿನಲ್ಲೂ ಗೋಂದು ಒಣಗಿತ್ತು. ಅಣ್ಣನ ಕೈಯಲ್ಲಿ ಬ್ಯಾಂಕಿನ ಕಾಗದವಿತ್ತು.

"ಇನ್ನೊಂದ್ಸಲ ಓದಣ್ಣ."

"ಎಷ್ಟು ಸಲ ಓದಿದ್ರೂ ಅದೇ. ನಮ್ಮ ಓವರ್‌ಡ್ರಾಫ್ಟ್ ರದ್ದು, ಖಾತೇಲಿ ದುಡ್ಡಿಲ್ಲದಿದ್ರೂ ಸಾಲವಾಗಿ ತೆಗೀಬಹುದಿತ್ತಲ್ಲ, ಅದು. ಮೂರು ವರ್ಷದಲ್ಲಿ ಒಂದ್ಸಲಾನೂ ಬಳಸಿಲ್ಲವಂತೆ."

"ಬಳಸದೆ ಇದ್ರೆ ಒಳ್ಳೇದಲ್ವಾ?"

"ನಾನೂ ಹಾಗೇ ಅಂದ್ಕೊಂಡು ಮದುವೆ ಸೀರೆ ಥರ ಮಡಿಸಿಟ್ಟಿದ್ದೆ. ಬೇಡದವರಿಗೆ ಯಾಕೆ ಅಂದ್ರು ಮ್ಯಾನೇಜರು."

"ನಾಳೆ ರಟ್ಟಿನ ಲೋಡು ಬರುತ್ತೆ. ದುಡ್ಡು ಕೊಡದೆ ಇಳಿಸಲ್ಲ."

"ಗೊತ್ತು."

"ಹೊತ್ತಿಗೆ ಪುಸ್ತಕ ಕೊಡದಿದ್ರೆ ಶಾಲೆಯವರು ಆರ್ಡರು ಬೇರೆಯವರಿಗೆ ಕೊಡ್ತಾರೆ. ಕೈಗೆ ಬಂದ ತುತ್ತು ಬಾಯಿಗಿಲ್ಲ."

"ಗೊತ್ತು ಕಣೋ."

ತಮ್ಮ ಉಗುರಿನ ಗೋಂದು ಕೆರೆದ.

"ಹೋದ ವರ್ಷ ಕೆಲಸದವರ ಸಂಬಳಕ್ಕೆ ಅತ್ತಿಗೆ ಬಳೆ ಮಾರಿದೆಯಲ್ಲ. ಆವಾಗ್ಲಾದ್ರೂ ಇದನ್ನ ತೆಗೀಬಹುದಿತ್ತು."

"ಅವಳೂ ಅದನ್ನೇ ಹೇಳಿದ್ಲು."

"ನೀನೇನಂದೆ?"

"ಅದು ಕಷ್ಟಕಾಲಕ್ಕೆ ಇರ್ಲಿ ಅಂದೆ."

ತಮ್ಮ ಕಾಗದ ತೆಗೆದುಕೊಂಡು, ಅಂಚಿಗೆ ಅಂಚು ಸೇರಿಸಿ ಮಡಿಸಿ, ಉಗುರಿನಿಂದ ಮಡಿಕೆಯನ್ನು ತೀಡಿ ಅಣ್ಣನ ಜೇಬಿನಲ್ಲಿಟ್ಟ.

"ಏಳಣ್ಣ, ಊಟದ ಹೊತ್ತಾಯ್ತು. ಮನೇಲಿ ಹೇಗೆ ಹೇಳ್ತೀಯಾ?"

ಅಣ್ಣ ಮೊಣಕಾಲಿಗೆ ಕೈಯೂರಿ ಎದ್ದ.

"ಹೇಳೋದೇನೂ ಕಷ್ಟ ಅಲ್ಲ ಕಣೋ. ಅವಳು ಏನೂ ಅನ್ನಲ್ಲ. ಬಳೆ ಇಲ್ಲದ ಕೈಯಲ್ಲಿ ಬಡಿಸ್ತಾಳೆ ನೋಡು, ಅದನ್ನ ಉಣ್ಣೋದು ಕಷ್ಟ."

ತಮ್ಮ ಬಾಗಿಲು ಹಿಡಿದುಕೊಂಡ. ಅಣ್ಣ ಹೊರಗೆ ನಡೆದ.